ಹೇಳಿ ಮಾಡಿಸಿದ ಕೊಳಲು

ಒಬ್ಬರಿಗೆ ಒಂದು ವಸ್ತು ಚೆನ್ನಾಗಿ ಒಪ್ಪಿದರೆ ‘ಹೇಳಿ ಮಾಡಿಸಿದಂತಿದೆ’ ಎಂದು ಕನ್ನಡದಲ್ಲಿ ಹೊಗಳುವುದುಂಟು. ಈ ಹೊಗಳಿಕೆಯೊಳಗೆ ಎರಡು ಕೆಲಸಗಳು ಅಡಗಿವೆ. ಒಂದು ಹೇಳುವುದು, ಇನ್ನೊಂದು ಮಾಡಿಸುವುದು. ಮಾಡುವವನ ಕೈ ಎಷ್ಟೇ ಪಳಗಿದ್ದರೂ ಹೇಳುವವನಿಗೆ ಹೇಳಲು ಬಾರದಿದ್ದರೆ ವಸ್ತು ಒಪ್ಪುವುದಿಲ್ಲ. ನಮ್ಮ ಸಂಗೀತದ ವಾದ್ಯಗಳಲ್ಲಿ ಈ ಮಾತು ಕೊಳಲಿಗೆ ಸಲ್ಲುವಷ್ಟು ಬೇರೊಂದಕ್ಕೆ ಸಲ್ಲದೆಂದು ನಮ್ಮ ಅಭಿಪ್ರಾಯ. ತಂಬೂರಿಯ ಶ್ರುತಿ ಇಳಿದಿದ್ದರೆ ಬಿರಡೆಯನ್ನು ತಿರುಗಿಸಿದರಾಯಿತು. ವೀಣೆಯ ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸಿರುವುದರಿಂದ ಮೇಣವನ್ನು ಕರಗಿಸಿ ಅವನ್ನು ಮತ್ತೆ ಸರಿಪಡಿಸಬಹುದು. ಮೃದಂಗದ ಅಂಚನ್ನು ತಟ್ಟಿ ಏರಿಸಬಹುದು, ಇಳಿಸಬಹುದು. ಕೊಳಲಿಗೆ ಈ ಸೌಕರ್ಯಗಳಲ್ಲಿ ಒಂದೂ ಇಲ್ಲ. ಅದರ ಶ್ರುತಿ ಮಾಡುವವನ ಕೈಯಲ್ಲಿಯೇ ನಿಶ್ಚಯವಾಗಿ, ನುಡಿಸುವವನ ಕೈಗೆ ಬರುವ ಹೊತ್ತಿಗೆ ಕಲ್ಲಿನ ಮೇಲಿನ ಅಕ್ಷರದಂತೆ ನಿಂತುಬಿಟ್ಟಿರುತ್ತದೆ. ಆದಕಾರಣ ಶಿವಮೊಗ್ಗದಲ್ಲಿಯೋ ಭದ್ರಾವತಿಯಲ್ಲಿಯೋ ಇರುವ ಗೃಹಸ್ಥರೊಬ್ಬರು ತಮಗಾಗಿ, ಇಲ್ಲವೆ ಕೊಳಲು ಕಲಿಯುತ್ತಿರುವ ಮಗಳಿಗಾಗಿ, ಒಂದು ಕೊಳಲನ್ನು ಮಾಡಿಸಬೇಕೆಂದು ಹೊರಟರೆ ಮೊದಲು ಏನನ್ನು ತಿಳಿದಿರಬೇಕು, ಮಾಡುವವನಿಗೆ ಏನನ್ನು ಹೇಳಬೇಕು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಕೊಳಲೆಂದರೆ ಬಿದಿರು ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಸಂಸ್ಕೃತದಲ್ಲಿ ವೇಣು, ವಂಶ ಎಂಬ ಎರಡು ಶಬ್ದಗಳೂ ಬಿದಿರನ್ನೂ ಕೊಳಲನ್ನೂ ಒಟ್ಟಿಗೆ ಹೇಳುತ್ತವೆ. ಭದ್ರಾವತಿಯ ಲಕ್ಷ್ಮೀನರಸಿಂಹ ದೇವಾಲಯ ೧೩ನೆಯ ಶತಮಾನದ ಹೊಯ್ಸಳರ ಕಟ್ಟಡ, ಮೂರು ಗರ್ಭಗುಡಿಗಳ ತ್ರಿಕೂಟ. ಆ ಮೂರರಲ್ಲಿ ಒಂದು ವೇಣುಗೋಪಾಲನದು. ಊರಿನವರು ದಿನವೂ ಕೈಮುಗಿಯುವ ಆ ಮೂರ್ತಿಯ ಹೆಸರಿನಲ್ಲಿಯೇ ಬಿದಿರಿದೆ. ಆದರೆ ಶಾಸ್ತ್ರ ಇಷ್ಟಕ್ಕೆ ನಿಂತಿಲ್ಲ. ಅದೇ ೧೩ನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ ಸಂಗೀತರತ್ನಾಕರದ ವಾದ್ಯಾಧ್ಯಾಯದಲ್ಲಿ ಕೊಳಲಿಗೆ ಒದಗುವ ಪದಾರ್ಥಗಳನ್ನು ಎಣಿಸುವಾಗ ಬಿದಿರಿನ ಜೊತೆಗೆ ಖದಿರದ ಮರ, ದಂತ, ಚಂದನ, ರಕ್ತಚಂದನ, ಲೋಹಗಳು ಇವನ್ನೂ ಸೇರಿಸಿದ್ದಾನೆ. ಮರದ ಕೊಳಲು ಪಾಶ್ಚಾತ್ಯರಿಂದ ನಮಗೆ ಬಂದ ನೂತನ ವಸ್ತುವೇನೂ ಅಲ್ಲವೆಂಬುದು ಇದರಿಂದ ತಿಳಿಯುತ್ತದೆ. ಇದಕ್ಕಿಂತಲೂ ಗಮನಿಸಬೇಕಾದ ಸಂಗತಿ ಮತ್ತೊಂದಿದೆ. ಶಾರ್ಙ್ಗದೇವನು ಕೊಳಲುಗಳಿಗೆ ಹೆಸರಿಟ್ಟಿರುವುದು ಪದಾರ್ಥವನ್ನು ನೋಡಿ ಅಲ್ಲ, ಅಳತೆಯನ್ನು ನೋಡಿ. ಊದುವ ರಂಧ್ರಕ್ಕೂ ಅದರ ಮುಂದಿನ ಸ್ವರರಂಧ್ರಕ್ಕೂ ನಡುವೆ ಒಂದು ಅಂಗುಲವಿದ್ದರೆ ಏಕವೀರ, ಎರಡಿದ್ದರೆ ಉಮಾಪತಿ, ಮೂರಿದ್ದರೆ ತ್ರಿಪುರುಷ, ನಾಲ್ಕಿದ್ದರೆ ಚತುರ್ಮುಖ, ಐದಿದ್ದರೆ ಪಂಚವಕ್ತ್ರ, ಆರಿದ್ದರೆ ಷಣ್ಮುಖ. ಹೀಗೆ ಸಾಗುತ್ತದೆ ಆ ನಾಮಾವಳಿ. ಕೊಳಲಿನ ಗುಣ ಅದರ ಅಳತೆಯಲ್ಲಿದೆ ಎಂಬ ಈ ತಿಳಿವನ್ನು ಭೌತವಿಜ್ಞಾನವೂ ಎತ್ತಿಹಿಡಿದಿದೆ. ಅದು ಹೇಗೆಂಬುದನ್ನು ಸ್ವಲ್ಪ ನೋಡಬೇಕು.

ನಾವು ಕೊಳಲನ್ನು ಊದುವಾಗ ತುಟಿಯಿಂದ ಹೊರಟ ಗಾಳಿ ತೆಳುವಾದ ಪಟ್ಟಿಯಂತೆ ಹರಿದು ರಂಧ್ರದ ಎದುರಿನ ಅಂಚಿಗೆ ಬಡಿಯುತ್ತದೆ. ಆ ಅಂಚಿನಲ್ಲಿ ಗಾಳಿಯ ಪಟ್ಟಿ ಒಮ್ಮೆ ಒಳಕ್ಕೂ ಒಮ್ಮೆ ಹೊರಕ್ಕೂ ತೂಗಾಡುತ್ತದೆ. ಹೀಗೆ ತೂಗಾಡುವ ಗಾಳಿ ಕೊಳವೆಯೊಳಗಿನ ಗಾಳಿಯ ಕಂಬವನ್ನು ಕಂಪಿಸುವಂತೆ ಮಾಡುತ್ತದೆ. ಕಂಬವು ತನ್ನ ಉದ್ದಕ್ಕೆ ತಕ್ಕ ವೇಗದಲ್ಲಿ ಕಂಪಿಸಿ, ಪಟ್ಟಿಯ ತೂಗಾಟವನ್ನು ತನ್ನ ಹಿಡಿತಕ್ಕೆ ತಂದುಕೊಳ್ಳುತ್ತದೆ. ಹಾಡುವುದು ಗಾಳಿ, ಬಿದಿರು ಅಥವಾ ಮರ ಆ ಗಾಳಿಗೆ ಆಕಾರ ಕೊಡುವ ಪಾತ್ರೆ. ಎರಡು ತುದಿಯೂ ತೆರೆದ ಕೊಳವೆಯಲ್ಲಿ ಗಾಳಿಯ ಕಂಬದ ಉದ್ದ ನಾದದ ಅಲೆಯ ಅರ್ಧದಷ್ಟಿರುತ್ತದೆ. ನಮ್ಮ ಊರುಗಳ ಸಾಧಾರಣ ಉಷ್ಣತೆಯಲ್ಲಿ ನಾದ ಸೆಕೆಂಡಿಗೆ ಸುಮಾರು ೩೪೬ ಮೀಟರ್ ದೂರ ಸಾಗುತ್ತದೆ. ಎಲ್ಲ ರಂಧ್ರಗಳನ್ನೂ ಮುಚ್ಚಿ ಊದಿದಾಗ ಸೆಕೆಂಡಿಗೆ ೨೬೨ ಕಂಪನಗಳ ಸ್ವರ, ಎಂದರೆ ಹಾರ್ಮೋನಿಯಮ್ಮಿನ ಮಧ್ಯದ ಒಂದು ಮನೆಯ ಸ್ವರ, ಬೇಕಾದರೆ ಲೆಕ್ಕದ ಪ್ರಕಾರ ಉದ್ದ ೬೬ ಸೆಂಟಿಮೀಟರ್ ಆಗುತ್ತದೆ. ಕಂಪಿಸುವ ಗಾಳಿ ಕೊಳವೆಯ ತುದಿಯಿಂದ ಸ್ವಲ್ಪ ಹೊರಗೂ ಚಾಚಿಕೊಂಡಿರುವುದರಿಂದ ಮತ್ತು ಊದುವ ರಂಧ್ರ ಕಿರಿದಾಗಿರುವುದರಿಂದ ನಿಜವಾದ ಕೊಳಲು ಈ ಲೆಕ್ಕಕ್ಕಿಂತ ಕೆಲವು ಸೆಂಟಿಮೀಟರ್ ಚಿಕ್ಕದಾಗಿರಬೇಕು. ಎಷ್ಟು ಚಿಕ್ಕದು ಎಂಬುದು ಒಳಗಿನ ವ್ಯಾಸ, ಗೋಡೆಯ ದಪ್ಪ, ರಂಧ್ರದ ಗಾತ್ರ ಇವನ್ನು ಅವಲಂಬಿಸಿದೆ. ಲೆಕ್ಕ ಕೊಳಲನ್ನು ಹತ್ತಿರದವರೆಗೆ ಕರೆದುಕೊಂಡು ಬರುತ್ತದೆ; ಉಳಿದ ಸ್ವಲ್ಪ ದೂರವನ್ನು ಕಿವಿ ನಡೆಯಬೇಕು. ಕಸುಬುದಾರನ ವಿದ್ಯೆಯೆಲ್ಲ ಇರುವುದು ಆ ಸ್ವಲ್ಪ ದೂರದಲ್ಲಿ.

ಹಾಗಾದರೆ ಕೊಳವೆಯ ಪದಾರ್ಥದಿಂದ ನಾದಕ್ಕೆ ಏನೂ ಭೇದವಿಲ್ಲವೆ? ಬೆಳ್ಳಿಯ ಕೊಳಲಿನ ನಾದ ಮಿರುಗುತ್ತದೆ, ಕರಿಮರದ ನಾದಕ್ಕೆ ತೂಕವಿದೆ, ಬಿದಿರಿನ ನಾದ ಮೃದು ಎಂದು ವಾದಕರು ನಂಬಿಕೆಯಿಂದ ಹೇಳುತ್ತಾರೆ. ಅಮೆರಿಕದ ಭೌತವಿಜ್ಞಾನಿ ಜಾನ್ ಕೋಲ್ಟ್‌ಮನ್ ಎಂಬವರು ಇದನ್ನು ಪರೀಕ್ಷಿಸಿ ೧೯೭೧ರಲ್ಲಿ ಫಲವನ್ನು ಪ್ರಕಟಿಸಿದರು. ಒಳಗಿನ ಅಳತೆ ಒಂದೇ ಆಗಿರುವಂತೆ ಬೆಳ್ಳಿಯ, ತಾಮ್ರದ, ಮರದ ಕೊಳವೆಗಳನ್ನು ಮಾಡಿಸಿ, ಊದುವ ಭಾಗವನ್ನು ಮೂರಕ್ಕೂ ಒಂದೇ ಬಗೆಯದನ್ನಾಗಿ ಮಾಡಿ, ಕಣ್ಣಿಗೆ ಕಾಣದಂತೆ ನುಡಿಸಿ ಕೇಳಿಸಿದರು. ಕೇಳುವವರಿಗೆ ಯಾವುದು ಯಾವುದೆಂದು ಗುರುತು ಹಿಡಿಯಲಾಗಲಿಲ್ಲ, ನುಡಿಸಿದವರಿಗೂ ಆಗಲಿಲ್ಲ. ಪದಾರ್ಥದ ಹೆಸರಿಗೆ ಬೆಲೆ ಕೊಡುವ ಮೊದಲು ಈ ಪ್ರಯೋಗವನ್ನು ನೆನೆಯುವುದು ಒಳ್ಳೆಯದು. ಹಾಗೆಂದು ಯಾವ ಮರವಾದರೂ ಸರಿಯೆಂದು ತಿಳಿಯಬಾರದು. ಊದುವ ರಂಧ್ರದ ಅಂಚು ಚೂಪಾಗಿ ನಿಲ್ಲಬೇಕು, ಒಳಮೈ ನುಣುಪಾಗಿರಬೇಕು, ಉಸಿರಿನ ತೇವಕ್ಕೆ ಕೊಳವೆ ಉಬ್ಬಿ ಆಕಾರ ಕೆಡಬಾರದು, ಗಾಳಿ ಎಲ್ಲಿಯೂ ಸೋರಬಾರದು. ಇವನ್ನು ಉಳಿಸಿಕೊಳ್ಳುವ ಶಕ್ತಿ ಒಂದೊಂದು ಪದಾರ್ಥಕ್ಕೆ ಒಂದೊಂದು ಪ್ರಮಾಣದಲ್ಲಿದೆ. ಒಳ್ಳೆಯ ಮರವು ಅಳತೆಯನ್ನು ಕಾಪಾಡುತ್ತದೆ. ನಾದವನ್ನು ಹುಟ್ಟಿಸುವುದು ಅಳತೆ.

ಇನ್ನು ಮಾಡಿಸುವವರು ಹೇಳಬೇಕಾದ ಸಂಗತಿಗಳಿಗೆ ಬರೋಣ. ಮೊದಲನೆಯದು ಶ್ರುತಿ. ಐದು ಮನೆ, ನಾಲ್ಕೂವರೆ ಮನೆ, ಎರಡೂವರೆ ಮನೆ ಎಂದು ನಾವು ಹೇಳುವ ವಾಡಿಕೆಯುಂಟಷ್ಟೆ. ಈ ಸಂಖ್ಯೆಯನ್ನಷ್ಟೇ ಬರೆದು ಕಳುಹಿಸಿದರೆ ಸಾಲದು. ಕರ್ಣಾಟಕ ಪದ್ಧತಿಯ ಕೊಳಲೋ ಹಿಂದೂಸ್ತಾನಿ ಪದ್ಧತಿಯ ಬಾಂಸುರಿಯೋ ಎಂಬುದನ್ನೂ ತಪ್ಪದೆ ತಿಳಿಸಬೇಕು. ಕರ್ಣಾಟಕ ಪದ್ಧತಿಯಲ್ಲಿ ಮೇಲಿನ ಎರಡು ರಂಧ್ರಗಳನ್ನು ಮುಚ್ಚಿದರೆ ಷಡ್ಜ. ಹಿಂದೂಸ್ತಾನಿಯಲ್ಲಿ ಮೇಲಿನ ಮೂರನ್ನು ಮುಚ್ಚಿದರೆ ಷಡ್ಜ. ಒಂದೇ ಕೊಳವೆಯನ್ನು ಹಿಂದೂಸ್ತಾನಿಯವರು ಮೂರು ಮನೆ ಎಂದು ಕರೆದರೆ ಕರ್ಣಾಟಕದವರಿಗೆ ಅದು ನಾಲ್ಕೂವರೆ ಮನೆಯಾಗುತ್ತದೆ. ಧಾರವಾಡದ ಕಡೆಯ ಸಂಗೀತವೂ ಮೈಸೂರಿನ ಕಡೆಯ ಸಂಗೀತವೂ ಸಂಧಿಸುವ ಶಿವಮೊಗ್ಗದಂಥ ಊರಿನಲ್ಲಿ ಈ ಗೊಂದಲಕ್ಕೆ ಎಡೆ ಹೆಚ್ಚು. ಅಷ್ಟೇ ಅಲ್ಲ, ಹಳೆಯ ಹಾರ್ಮೋನಿಯಮ್ಮುಗಳೆಲ್ಲ ಒಂದೇ ಶ್ರುತಿಯಲ್ಲಿರುವುದಿಲ್ಲ. ೧೯೩೯ರಲ್ಲಿ ಲಂಡನ್ನಿನಲ್ಲಿ ಸೇರಿದ ಸಮ್ಮೇಳನವು ಆರು ಮನೆಯ ಸ್ವರಕ್ಕೆ ಸೆಕೆಂಡಿಗೆ ೪೪೦ ಕಂಪನಗಳೆಂದು ನಿಶ್ಚಯಿಸಿತು. ಈಗಿನ ಶ್ರುತಿಪೆಟ್ಟಿಗೆಗಳು ಸಾಮಾನ್ಯವಾಗಿ ಇದನ್ನೇ ಅನುಸರಿಸುತ್ತವೆ. ಆ ಅಳತೆಗೆ ಬೇಕೋ ಮನೆಯ ಹಳೆಯ ಪೆಟ್ಟಿಗೆಗೆ ಕೂಡಬೇಕೋ ಎಂಬುದನ್ನು ಹೇಳಿಬಿಡಬೇಕು.

ಎರಡನೆಯದು ಕೈ. ಶ್ರುತಿ ಇಳಿದಂತೆ ಕೊಳಲು ಉದ್ದವಾಗುತ್ತದೆ. ರಂಧ್ರಗಳ ನಡುವಣ ಅಂತರವೂ ಬೆಳೆಯುತ್ತದೆ. ಬಾರಿಸಾಲಿನಲ್ಲಿ ಹುಟ್ಟಿದ ಪನ್ನಾಲಾಲ್ ಘೋಷರು (೧೯೧೧–೧೯೬೦) ನಾನಾ ಪದಾರ್ಥಗಳನ್ನು ಪರೀಕ್ಷಿಸಿ ಕೊನೆಗೆ ಬಿದಿರಿನಲ್ಲಿಯೇ ನೆಲೆನಿಂತು, ಸುಮಾರು ೩೨ ಅಂಗುಲದ ಕೊಳಲನ್ನು ರಾಗವಿಸ್ತಾರಕ್ಕೆ ಒಗ್ಗಿಸಿದರು. ಆ ಗಂಭೀರ ನಾದಕ್ಕೆ ಮನಸೋತು ಅಂಥದೇ ಕೊಳಲನ್ನು ಬಯಸುವವರು ಬಹಳ ಮಂದಿ. ಆದರೆ ಹನ್ನೆರಡು ವರ್ಷದ ಬಾಲಕಿಯ ಬೆರಳು ಆ ಅಂತರವನ್ನು ತಾಳಲಾರದು. ಬೆರಳನ್ನು ಚಾಚಿ ಚಾಚಿ ರಂಧ್ರ ಅರ್ಧ ಮುಚ್ಚಿ, ನಾದ ಸೀಳಿ, ಕಲಿಯುವ ಉತ್ಸಾಹವೇ ಕುಂದುವುದುಂಟು. ಆದಕಾರಣ ಒಂದು ಕಾಗದದ ಮೇಲೆ ಕೈಯನ್ನು ಸಹಜವಾಗಿ ಬಿಡಿಸಿಟ್ಟು, ಸುತ್ತಲೂ ಗೆರೆ ಎಳೆದು, ಆ ಚಿತ್ರವನ್ನು ಮಾಡುವವರಿಗೆ ಕಳುಹಿಸುವುದು ಒಳ್ಳೆಯ ಉಪಾಯ. ಕೊಳಲನ್ನು ಬಲಕ್ಕೆ ಹಿಡಿಯುವರೋ ಎಡಕ್ಕೆ ಹಿಡಿಯುವರೋ ಎಂಬುದನ್ನೂ ಬರೆಯಬೇಕು. ಕೆಳಗಿನ ರಂಧ್ರವನ್ನು ಕಿರುಬೆರಳಿಗೆ ಅನುಕೂಲವಾಗಲೆಂದು ಸಾಲಿನಿಂದ ಸ್ವಲ್ಪ ಓರೆಗೆ ಸರಿಸುವುದಿದ್ದರೆ ಇದು ಮುಖ್ಯವಾಗುತ್ತದೆ.

ಮೂರನೆಯದು ಬಳಕೆ. ಹಾಡುವವರ ಜೊತೆಗೆ ನುಡಿಸಲೋ, ಒಂಟಿಯಾಗಿ ಕಚೇರಿ ಮಾಡಲೋ, ಮನೆಯಲ್ಲಿ ಅಭ್ಯಾಸಕ್ಕೋ? ಒಳಗಿನ ವ್ಯಾಸ ಹೆಚ್ಚಾದರೆ ಮಂದ್ರಸ್ಥಾಯಿ ತುಂಬಿ ಬರುತ್ತದೆ, ತಾರಸ್ಥಾಯಿ ಕಷ್ಟವಾಗುತ್ತದೆ. ವ್ಯಾಸ ಕಿರಿದಾದರೆ ಇದರ ವಿಪರ್ಯಾಸ. ಎರಡನ್ನೂ ಸಮನಾಗಿ ಕೊಡುವ ಕೊಳಲು ನಡುವಣ ಅಳತೆಯಲ್ಲಿದೆ. ಕರ್ಣಾಟಕ ಸಂಗೀತದಲ್ಲಿ ಗಮಕವೇ ಪ್ರಾಣ. ಟಿ. ಆರ್. ಮಹಾಲಿಂಗಂ (೧೯೨೬–೧೯೮೬) ಅವರು ಹಾಡುಗಾರಿಕೆಯ ಗಮಕಗಳನ್ನೆಲ್ಲ ಕೊಳಲಿಗೆ ತಂದ ಮೇಲೆ ಬೆರಳು ರಂಧ್ರದ ಮೇಲೆ ಜಾರುವುದು, ಅರ್ಧ ಮುಚ್ಚುವುದು ಇವು ಎಲ್ಲ ವಾದಕರಿಗೂ ಅವಶ್ಯವಾದುವು. ಆ ಜಾರುವಿಕೆಗೆ ರಂಧ್ರ ಸಾಕಷ್ಟು ದೊಡ್ಡದಾಗಿಯೂ ಅಂಚು ಬೆರಳಿಗೆ ಒರಟಾಗದಂತೆಯೂ ಇರಬೇಕು. ಇವೆಲ್ಲ ವಾದಕನೇ ಬಲ್ಲ ವಿಷಯಗಳು. ಕಲಿಯುವವರಾದರೆ ಅವರ ಗುರುಗಳನ್ನು ಕೇಳಿ ಬರೆಯಬೇಕು.

ಹೀಗೆ ಹೇಳುವುದೆಲ್ಲ ಮುಗಿದ ಮೇಲೆ ಪದಾರ್ಥದ ಆಯ್ಕೆ ಬರುತ್ತದೆ. ಬಿದಿರನ್ನು ಆರಿಸಿದರೆ ಶಿವಮೊಗ್ಗದ ಸುತ್ತಣ ಕಾಡಿಗೆ ಬಿದಿರು ಹೊಸತಲ್ಲ. ಮುಳ್ಳಿನ ಮೆಳೆಯಾಗಿ ಬೆಳೆಯುವ ಹೆಬ್ಬಿದಿರು, ಒಣಕಾಡಿನ ಕಿರುಬಿದಿರು, ಘಟ್ಟದ ತೇವದಲ್ಲಿ ಬೆಳೆಯುವ ವಾಟೆ ಇವು ಮಲೆನಾಡಿನವರಿಗೆ ಪರಿಚಿತ. ಹೆಬ್ಬಿದಿರಿನ ಬುಡ ಕೊಳಲಿಗೆ ತೀರ ದಪ್ಪ. ಕಿರುಬಿದಿರು ಬಲವಾದುದು, ಆದರೆ ಅದರ ಗೋಡೆ ದಪ್ಪ, ಒಳಗಿನ ಪೊಳ್ಳು ಕಡಮೆ. ಕೆಲವು ಗಳಗಳು ಗಟ್ಟಿಯಾಗಿಯೇ ಇರುತ್ತವೆ. ವಾಟೆಗೆ ಗೆಣ್ಣುಗಳ ನಡುವಣ ಅಂತರ ಉದ್ದ, ಗೋಡೆ ತೆಳು. ಕೊಳಲಿಗೆ ಬೇಕಾದುದು ಉದ್ದವಾದ, ನೇರವಾದ, ಒಳಗೆ ಸಮನಾಗಿ ದುಂಡಾದ, ಹದವಾದ ಗೋಡೆಯುಳ್ಳ ಒಂದು ಗೆಣ್ಣಿನಂತರ. ಒಂದು ಹೊರೆ ಬಿದಿರಿನಲ್ಲಿ ಇಂಥದು ಸಿಗುವುದು ವಿರಳ. ಉತ್ತರ ಹಿಂದೂಸ್ಥಾನದ ಪಿಲಿಭಿತ್ ಎಂಬ ಊರು ಬಾಂಸುರಿಯ ಕಸುಬಿಗೆ ಹೆಸರಾದುದು. ಅಲ್ಲಿಯ ಕಸುಬುದಾರರು ಕೂಡ ಬಿದಿರನ್ನು ದೂರದ ಅಸ್ಸಾಮಿನಿಂದ ತರಿಸಿಕೊಳ್ಳುತ್ತಾರೆಂದರೆ ತಕ್ಕ ಗಳಕ್ಕಾಗಿ ಎಷ್ಟು ಶ್ರಮವೆಂಬುದನ್ನು ಊಹಿಸಬಹುದು.

ಬಿದಿರನ್ನು ಕಡಿಯುವ ಕಾಲವೂ ಮುಖ್ಯ. ಎಳೆಯ ಬಿದಿರು ಕೊಳಲಿಗೆ ಆಗದು. ಮೂರು ವರ್ಷವಾದರೂ ಬಲಿತಿರಬೇಕು. ಕೃಷ್ಣಪಕ್ಷದಲ್ಲಿ ಕಡಿದ ಬಿದಿರಿಗೆ ಹುಳು ಹತ್ತುವುದಿಲ್ಲವೆಂಬ ನಂಬಿಕೆ ಅನೇಕ ಕಡೆಗಳಲ್ಲಿದೆ. ಚಂದ್ರನ ಮಾತು ಹೇಗಾದರೂ ಇರಲಿ, ಋತುವಿನ ಮಾತು ಸತ್ಯ. ಮಳೆಗಾಲದ ಹೊಸ ಮೊಳಕೆಗಳಿಗೆ ಆಹಾರ ಕೊಟ್ಟ ಮೇಲೆ, ಚಳಿಗಾಲದಲ್ಲಿ, ಗಳದೊಳಗಿನ ಪಿಷ್ಟದ ಅಂಶ ಕಡಮೆಯಾಗುತ್ತದೆ; ಬಿದಿರನ್ನು ಕೊರೆದು ಹಿಟ್ಟುಮಾಡುವ ಹುಳುವಿಗೆ ಪಿಷ್ಟವೇ ಆಹಾರ. ಕಡಿದ ಗಳವನ್ನು ಹರಿಯುವ ನೀರಿನಲ್ಲಿ ಕೆಲವು ವಾರ ಮುಳುಗಿಸಿಡುವುದೂ ಇದೇ ಕಾರಣಕ್ಕಾಗಿ. ಅನಂತರ ನೆರಳಿನಲ್ಲಿ ತಿಂಗಳುಗಟ್ಟಲೆ ಒಣಗಬೇಕು. ಬಿಸಿಲಿನಲ್ಲಿ ಅವಸರದಿಂದ ಒಣಗಿಸಿದ ಬಿದಿರು ಸೀಳುತ್ತದೆ. ಆಗುಂಬೆಯ ಕಡೆಯ ತೇವದಲ್ಲಿ ಬೆಳೆದ ಗಳವನ್ನು ಭದ್ರಾವತಿಯ ಮಾರ್ಚಿ ತಿಂಗಳ ಒಣಗಾಳಿಗೆ ಏಕಾಏಕಿ ತಂದರೆ ಏನಾಗುವುದೆಂಬುದನ್ನು ಹೇಳಬೇಕಾಗಿಲ್ಲ.

ಇಲ್ಲಿ ನಮ್ಮ ಪ್ರಾಂತದ ಒಂದು ಚರಿತ್ರೆಯನ್ನು ನೆನೆಯಬೇಕು. ಹಿಂದೆ ಬೆಂಕಿಪುರವೆನಿಸಿಕೊಂಡಿದ್ದ ಭದ್ರಾವತಿ ಕೈಗಾರಿಕೆಯ ಊರಾದುದು ಕಾಡಿನ ಬಲದಿಂದ. ೧೯೨೩ರಲ್ಲಿ ಕೆಲಸಕ್ಕೆ ತೊಡಗಿದ ಕಬ್ಬಿಣದ ಕಾರ್ಖಾನೆಯ ಕುಲುಮೆ ಉರಿದದ್ದು ಸುತ್ತಣ ಮರಗಳ ಇದ್ದಲಿನಿಂದ. ೧೯೩೬ರಲ್ಲಿ ಸ್ಥಾಪಿತವಾದ ಮೈಸೂರು ಕಾಗದದ ಕಾರ್ಖಾನೆಗೆ ಬಿದಿರು ಮುಖ್ಯವಾದ ಕಚ್ಚಾ ಪದಾರ್ಥವಾಗಿತ್ತು. ಅಲ್ಲಿ ಉತ್ಪಾದನೆ ೨೦೧೫ರಲ್ಲಿ ನಿಂತಿತು. ಕಾಗದಕ್ಕೆ ಬಿದಿರೆಂದರೆ ತೂಕ. ಸೊಟ್ಟ ಗಳವೂ ನೇರವಾದ ಗಳವೂ ಅಲ್ಲಿ ಒಂದೇ. ಕೊಳಲಿಗೆ ಬಿದಿರೆಂದರೆ ಸಾವಿರದಲ್ಲಿ ಆರಿಸಿದ ಒಂದು ಗೆಣ್ಣಿನಂತರ. ಕಾಗದ ಬೇಡವೆನ್ನುವ ಅವಿವೇಕ ನಮ್ಮದಲ್ಲ. ಪುಸ್ತಕದಿಂದ ಬದುಕುವ ಅಧ್ಯಾಪಕರಿಗೆ ಆ ಮಾತು ಸಲ್ಲದು. ಆದರೆ ಒಂದೇ ಹುಲ್ಲಿಗೆ ಎರಡು ಬಗೆಯ ಬೆಲೆಯಿರುವುದನ್ನು ಮರೆಯಬಾರದು. ಹೆಬ್ಬಿದಿರು ಸುಮಾರು ೪೦ರಿಂದ ೫೦ ವರ್ಷಗಳಿಗೊಮ್ಮೆ ಒಂದು ಪ್ರದೇಶದಲ್ಲಿ ಒಟ್ಟಾಗಿ ಹೂಬಿಟ್ಟು, ಬಿದಿರಕ್ಕಿಯನ್ನು ಉದುರಿಸಿ, ಮೆಳೆಗೆ ಮೆಳೆಯೇ ಸಾಯುತ್ತದೆ. ಹೊಸ ಸಸಿಗಳು ಬಲಿತ ಗಳ ಕೊಡಲು ಹಲವು ವರ್ಷ ಬೇಕು. ಕಾಡನ್ನು ನಂಬಿದ ಕಸುಬಿಗೆ ಇಂಥ ಬರಗಾಲ ತಪ್ಪದು. ೨೦೧೭ರ ಕಾನೂನಿನ ತಿದ್ದುಪಡಿಯಿಂದ ಕಾಡಿನ ಹೊರಗೆ ಬೆಳೆದ ಬಿದಿರು ಮರವೆಂಬ ಲೆಕ್ಕದಿಂದ ಹೊರಬಿದ್ದಿದೆ. ತೋಟದ ಬೇಲಿಯಲ್ಲಿ ಬೆಳೆದವರು ಅದನ್ನು ಕಡಿದು ಮಾರಲು ಮೊದಲಿದ್ದ ತೊಡಕು ತಪ್ಪಿದೆ. ಕೊಳಲಿಗೆ ತಕ್ಕ ಜಾತಿಯ ಬಿದಿರನ್ನು ಮಲೆನಾಡಿನ ತೋಟಗಳಲ್ಲಿ ಬೆಳೆಸಲು ಇದೊಂದು ಸುಸಮಯ.

ಮರವನ್ನು ಆರಿಸಿದರೆ ಕ್ರಮ ಬೇರೆ. ಬಿದಿರಿಗೆ ಪೊಳ್ಳನ್ನು ಪ್ರಕೃತಿಯೇ ಕೊಟ್ಟಿದೆ. ಸಿಕ್ಕ ಪೊಳ್ಳಿಗೆ ಕೊಳಲನ್ನು ಒಪ್ಪಿಸುವುದು ಅಲ್ಲಿಯ ವಿದ್ಯೆ. ಮರದಲ್ಲಿ ಪೊಳ್ಳನ್ನು ನಾವೇ ಕೊರೆಯುವುದರಿಂದ ಬೇಕಾದ ವ್ಯಾಸವನ್ನು ಬೇಕಾದಂತೆ ಪಡೆಯಬಹುದು, ಮತ್ತೊಮ್ಮೆ ಅದೇ ಅಳತೆಯಲ್ಲಿ ಇನ್ನೊಂದನ್ನು ಮಾಡಬಹುದು. ಇದು ಮರದ ದೊಡ್ಡ ಲಾಭ. ಯುರೋಪಿನವರು ಈ ದಾರಿಯಲ್ಲಿ ಬಹು ದೂರ ನಡೆದಿದ್ದಾರೆ. ೧೭ನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಹೊಟೆಟೇರ್ ಮನೆತನದವರ ಕಾಲಕ್ಕೆ ಕೊಳಲು ತುಂಡು ತುಂಡುಗಳಾಗಿ ಜೋಡಿಸುವಂಥದಾಗಿ, ಒಳಪೊಳ್ಳು ತುದಿಯ ಕಡೆಗೆ ಕಿರಿದಾಗುತ್ತ ಹೋಗುವ ಆಕಾರವನ್ನು ಪಡೆಯಿತು. ಜರ್ಮನಿಯ ತಿಯೋಬಾಲ್ಡ್ ಬೋಮ್ ೧೮೪೭ರಲ್ಲಿ ಒಡಲನ್ನು ಸಮವ್ಯಾಸದ ಕೊಳವೆಯನ್ನಾಗಿ ಮಾಡಿ, ತಲೆಯ ಭಾಗವನ್ನು ಮಾತ್ರ ಕಿರಿದಾಗಿಸಿದನು. ಇವೆಲ್ಲ ಒಂದು ದೋಷದ ಪರಿಹಾರಕ್ಕಾಗಿ. ತಲೆಯಿಂದ ತುದಿಯವರೆಗೆ ಒಂದೇ ವ್ಯಾಸದ ಕೊಳವೆಯಲ್ಲಿ ತಾರಸ್ಥಾಯಿಯ ಸ್ವರಗಳು ಸ್ವಲ್ಪ ಇಳಿದು ನಿಲ್ಲುತ್ತವೆ. ಮಧ್ಯಷಡ್ಜ ಸರಿಯಿದ್ದರೂ ತಾರಷಡ್ಜ ಕೂಡುವುದಿಲ್ಲ. ಮರದಲ್ಲಿ ಮಾಡಿಸುವವರು ಈ ವಿಷಯವನ್ನು ಮಾಡುವವರೊಡನೆ ಮೊದಲೇ ಚರ್ಚಿಸಬೇಕು.

ಶಿವಮೊಗ್ಗ ಜಿಲ್ಲೆಗೆ ಮರದ ಕುಶಲತೆ ಹೊಸತಲ್ಲ. ಸಾಗರ, ಸೊರಬಗಳ ಗುಡಿಗಾರರು ಗಂಧದ ಕೆತ್ತನೆಗೆ ಹೆಸರಾದವರು. ಭದ್ರಾವತಿಯಂಥ ಕಾರ್ಖಾನೆಯ ಊರಿನಲ್ಲಿ ಲೇತ್ ಯಂತ್ರವನ್ನು ಬಲ್ಲವರು ಅಪರೂಪವಲ್ಲ. ಆದರೆ ಕೆತ್ತುವ ಕೈಯಾಗಲಿ ಕಡೆಯುವ ಕೈಯಾಗಲಿ ತಾನಾಗಿಯೇ ಕೊಳಲಿನ ಕೈಯಾಗದು; ಒಂದಡಿಗೂ ಮಿಕ್ಕ ಉದ್ದಕ್ಕೆ ಬೈರಿಗೆ ಓರೆಯಾಗದಂತೆ ನಡುವೆಯೇ ಸಾಗಬೇಕು, ಕಿವಿಯೂ ಜೊತೆಗಿರಬೇಕು. ತಿಳಿದವರು ಮೊದಲು ಸಣ್ಣ ರಂಧ್ರವನ್ನು ಕೊರೆದು ಮರವನ್ನು ಕೆಲವು ತಿಂಗಳು ಹಾಗೆಯೇ ಬಿಡುತ್ತಾರೆ. ಒಳಗಿನ ಬಿಗಿ ಸಡಿಲಿ ಮರ ಎತ್ತ ಬಾಗಬೇಕೋ ಅತ್ತ ಬಾಗಿದ ಮೇಲೆ ನಿಜವಾದ ಅಳತೆಗೆ ಹಿಗ್ಗಿಸುತ್ತಾರೆ. ಬೀಟೆಯ ಮರ ನಮ್ಮ ಕಾಡಿನದೇ; ಗಟ್ಟಿ, ನುಣುಪು, ಅಂಚನ್ನು ಹಿಡಿದು ನಿಲ್ಲಿಸುವಂಥದು. ಆದರೆ ಬೀಟೆಯಾಗಲಿ ಗಂಧವಾಗಲಿ ಎಲ್ಲಿಂದಲೋ ತಂದು ಕೊಡುವ ಮರವಲ್ಲ. ಕಾನೂನಿಗೆ ಸರಿಯಾಗಿ, ರಸೀದಿಯೊಡನೆ ಬಂದ ಮರವೇ ಆಗಬೇಕು. ಬೀಟೆಯ ಕುಲಕ್ಕೆಲ್ಲ ೨೦೧೭ರಿಂದ ಅಂತರರಾಷ್ಟ್ರೀಯ ವ್ಯಾಪಾರದ ನಿರ್ಬಂಧ ಉಂಟಾಗಿ, ೨೦೧೯ರಲ್ಲಿ ಸಿದ್ಧವಾದ ಸಂಗೀತವಾದ್ಯಗಳಿಗೆ ವಿನಾಯಿತಿ ದೊರೆಯಿತು. ಹಳೆಯ ಮನೆಯ ತೊಲೆ, ಮುರಿದ ಮಂಚದ ಕಾಲು ಇವುಗಳಲ್ಲಿ ಅರ್ಧ ಶತಮಾನ ಒಣಗಿದ ಬೀಟೆ ಇದ್ದರೆ ಅದಕ್ಕಿಂತ ಉತ್ತಮವಾದ ಮರವನ್ನು ಹೊಸದಾಗಿ ಕಡಿಸಿ ಪಡೆಯಲಾಗದು.

ಈಗ ಮುಖ್ಯವಾದ ಮಾತು. ಕೊಳವೆ ಸಿದ್ಧವಾದ ಮೇಲೆ ಒಂದು ತುದಿಯನ್ನು ಗೆಣ್ಣಿನಿಂದಲೇ ಆಗಲಿ ಕಾರ್ಕಿನಿಂದಲೇ ಆಗಲಿ ಮುಚ್ಚಿ, ಊದುವ ರಂಧ್ರವನ್ನು ಮಾಡಿ, ತುದಿಯನ್ನು ಸ್ವಲ್ಪ ಸ್ವಲ್ಪವಾಗಿ ಕೊಯ್ಯುತ್ತ ಆಧಾರಸ್ವರಕ್ಕೆ ತರುತ್ತಾರೆ. ಅನಂತರ ಸ್ವರರಂಧ್ರಗಳು. ಬಿದಿರಿನಲ್ಲಿ ಇವನ್ನು ಕಾಯಿಸಿದ ಕಬ್ಬಿಣದ ಸರಳಿನಿಂದ ಸುಟ್ಟು ತೆರೆಯುತ್ತಾರೆ. ಸುಟ್ಟ ರಂಧ್ರದ ಅಂಚಿನಲ್ಲಿ ನಾರು ಸೀಳುವುದಿಲ್ಲ. ಮೊದಲು ರಂಧ್ರ ಬೇಕಾದುದಕ್ಕಿಂತ ಕಿರಿದು, ಸ್ವರ ಬೇಕಾದುದಕ್ಕಿಂತ ಇಳಿದು. ಆಮೇಲೆ ಒಂದು ಎಳೆಯಷ್ಟು ಹಿಗ್ಗಿಸಿ ಊದಿ ನೋಡುವುದು, ಮತ್ತೊಂದು ಎಳೆ ಹಿಗ್ಗಿಸಿ ಊದಿ ನೋಡುವುದು. ತುದಿಯನ್ನು ಕೊಯ್ದರೆ ಶ್ರುತಿ ಏರುತ್ತದೆ. ರಂಧ್ರವನ್ನು ಹಿಗ್ಗಿಸಿದರೆ ಸ್ವರ ಏರುತ್ತದೆ. ಇಳಿಸುವ ಉಪಾಯವಿಲ್ಲ. ರಂಧ್ರದ ಅಂಚಿಗೆ ಮೇಣ ಮೆತ್ತಿ ಕೊಂಚ ಇಳಿಸುವುದುಂಟು. ಅದು ಹರಿದ ಬಟ್ಟೆಗೆ ತೇಪೆ. ಕೊಳಲಿನಲ್ಲಿ ತೆಗೆದದ್ದನ್ನು ಮರಳಿ ಇಡಲಾಗದು. ಬಡಗಿ ಮಾಡಿದ ಕುರ್ಚಿ ಎತ್ತರವಾದರೆ ಕಾಲು ಕೊಯ್ಯಬಹುದು, ಗಿಡ್ಡವಾದರೆ ಹಲಗೆ ಹಾಕಬಹುದು. ಇಲ್ಲಿ ಕಡೆಯ ಎಳೆ ಹೆಚ್ಚಾಗಿ ಹೋದರೆ ಮೂರು ವರ್ಷ ಬಲಿತು ಒಂದು ವರ್ಷ ಒಣಗಿದ ಗಳ ಒಂದು ಗಳಿಗೆಯಲ್ಲಿ ಸೌದೆಯಾಗುತ್ತದೆ. ನಾವು ಕೊಡುವ ಬೆಲೆಯಲ್ಲಿ ನಮ್ಮ ಕೈಗೆ ಬಂದ ಕೊಳಲಿನದಷ್ಟೇ ಅಲ್ಲ, ಹೀಗೆ ಮೂಲೆಗೆ ಬಿದ್ದ ಕೊಳಲುಗಳದೂ ಸೇರಿರುತ್ತದೆ. ಹತ್ತು ಇಪ್ಪತ್ತು ಗಳಗಳಲ್ಲಿ ಒಂದನ್ನು ಆರಿಸಿ, ಮಿಕ್ಕುದನ್ನು ತಾನಾಗಿಯೇ ತಿರಸ್ಕರಿಸುವ ಕಸುಬುದಾರನೊಡನೆ ಸಂತೆಯ ಬೊಂಬಾಯಿ ಕೊಳಲಿನ ಬೆಲೆಯನ್ನು ಹೇಳಿ ಚೌಕಾಸಿ ಮಾಡುವುದು ನ್ಯಾಯವಲ್ಲ.

ಇದೇ ಕಾರಣದಿಂದ ಮಾಡಿಸುವವರಿಗೂ ಒಂದು ಜವಾಬ್ದಾರಿಯಿದೆ. ಕೆಲಸ ನಡೆಯುತ್ತಿರುವಾಗ ಮನಸ್ಸನ್ನು ಬದಲಿಸಬಾರದು. ಐದು ಮನೆಯೆಂದು ಹೇಳಿ, ರಂಧ್ರ ತೆರೆದ ಮೇಲೆ ನಾಲ್ಕೂವರೆ ಆಗಲಿ ಎಂದರೆ ಆ ಕೊಳಲಿಗೆ ಗತಿಯಿಲ್ಲ. ಹೇಳುವುದನ್ನೆಲ್ಲ ಒಂದು ಕಾಗದದಲ್ಲಿ ಬರೆದು ಕೊಡುವುದು ಲೇಸು: ಯಾವ ಪದ್ಧತಿ, ಎಷ್ಟು ಮನೆ, ಯಾವ ಶ್ರುತಿಪೆಟ್ಟಿಗೆಗೆ ಕೂಡಬೇಕು, ಕೈಯ ಚಿತ್ರ, ಹಿಡಿಯುವ ಬದಿ, ಬಳಕೆ, ಯಾವ ಪದಾರ್ಥ, ಎಷ್ಟು ಕಾಲ ಕಾಯಬಲ್ಲೆವು. ಈಗ ನುಡಿಸುತ್ತಿರುವ ಕೊಳಲಿನಲ್ಲಿ ಇಷ್ಟವಾದುದೇನು, ತೊಡಕಾದುದೇನು ಎಂಬ ಎರಡು ವಾಕ್ಯಗಳನ್ನು ಸೇರಿಸಿದರೆ ಮಾಡುವವರಿಗೆ ಬೇರೆಲ್ಲಕ್ಕಿಂತ ಹೆಚ್ಚಿನ ಬೆಳಕು ಸಿಗುತ್ತದೆ.

ಕೊಳಲು ಕೈಗೆ ಬಂದ ದಿನ ಅವಸರದಿಂದ ತೀರ್ಪು ಕೊಡಬಾರದು. ನಾದದ ವೇಗ ಉಷ್ಣತೆಯೊಡನೆ ಏರುತ್ತದೆ. ಕೊಳವೆಯ ಗಾಳಿ ೨೦ ಡಿಗ್ರಿಯಿಂದ ೩೦ ಡಿಗ್ರಿಗೆ ಬಿಸಿಯಾದರೆ ಸ್ವರ ಒಂದು ಅರ್ಧಸ್ವರದ ಕಾಲುಪಾಲಿಗೂ ಮೀರಿ ಏರುತ್ತದೆ. ಜುಲೈ ತಿಂಗಳ ಮಳೆಯ ಬೆಳಗ್ಗೆ ತಣ್ಣಗಿರುವ ಕೊಳಲನ್ನು ಎತ್ತಿಕೊಂಡು ಶ್ರುತಿ ಇಳಿದಿದೆಯೆಂದು ದೂರಿದರೆ ಅದು ಕಸುಬಿನ ದೋಷವಲ್ಲ. ಹತ್ತು ನಿಮಿಷ ಊದಿ ಬೆಚ್ಚಗಾದ ಮೇಲೆ ತಂಬೂರಿಯೊಡನೆ ಷಡ್ಜ ಪಂಚಮಗಳನ್ನೂ, ಮಧ್ಯಷಡ್ಜ ತಾರಷಡ್ಜಗಳನ್ನೂ ಕೂಡಿಸಿ ನೋಡಬೇಕು. ಮಂದ್ರದ ಸ್ವರ ಮೆಲ್ಲಗೆ ಊದಿದರೂ ನಿಲ್ಲುವುದೇ, ಬೆರಳು ಚಾಚದೆ ಕೂರುವುದೇ ಎಂಬುದನ್ನು ಪರೀಕ್ಷಿಸಬೇಕು. ಹೊಸ ಮರದ ಕೊಳಲನ್ನು ಮೊದಲ ಕೆಲವು ವಾರ ದಿನಕ್ಕೆ ಕಾಲು ಗಂಟೆಗಿಂತ ಹೆಚ್ಚು ನುಡಿಸಬಾರದು. ಒಳಮೈ ತೇವದಿಂದ ಉಬ್ಬಿ ಹೊರಮೈ ಒಣಗಿದ್ದರೆ ಬಿರುಕು ಬಿಡುತ್ತದೆ. ನುಡಿಸಿದ ಮೇಲೆ ಬಟ್ಟೆಯಿಂದ ಒಳಗನ್ನು ಒರಸಿ, ಆಗಾಗ ತೆಳುವಾಗಿ ಎಣ್ಣೆ ಸವರಿ, ಬಿಸಿಲಿಗೂ ಬಚ್ಚಲಿನ ಒಲೆಗೂ ದೂರವಾಗಿಡಬೇಕು. ಬಿದಿರಿಗೆ ಅಲ್ಲಲ್ಲಿ ದಾರವನ್ನು ಬಿಗಿಯಾಗಿ ಸುತ್ತಿರುವುದು ಅಲಂಕಾರಕ್ಕಲ್ಲ, ಸೀಳದಿರಲೆಂದು, ಅದನ್ನು ಬಿಚ್ಚಬಾರದು.

ಎಲ್ಲರಿಗೂ ಹೇಳಿ ಮಾಡಿಸಿದ ಕೊಳಲು ಬೇಕೆಂದು ನಮ್ಮ ವಾದವಲ್ಲ. ಮೊದಲ ಎರಡು ವರ್ಷದ ಅಭ್ಯಾಸಕ್ಕೆ ಶ್ರುತಿ ಸರಿಯಾಗಿರುವ ಸಾಧಾರಣ ಬಿದಿರಿನ ಕೊಳಲು ಸಾಕು. ತನಗೆ ಏನು ಬೇಕೆಂಬುದು ವಾದಕನಿಗೆ ತಿಳಿಯಲು ಆ ಎರಡು ವರ್ಷ ಬೇಕೇ ಬೇಕು. ತಿಳಿದ ಮೇಲೆ, ಬೆಲೆಬಾಳುವ ಮರದ ಹೆಸರನ್ನು ಅರಸದೆ, ಅಳತೆಯನ್ನು ಬಲ್ಲ ಕೈಯನ್ನು ಅರಸಬೇಕು. ಅದು ದೊರೆತರೆ ಸ್ಪಷ್ಟವಾಗಿ ಹೇಳಿ, ನ್ಯಾಯವಾದ ಬೆಲೆಯನ್ನು ಒಪ್ಪಿ, ಒಂದು ಮಳೆಗಾಲವನ್ನೂ ಒಂದು ಬೇಸಗೆಯನ್ನೂ ಕಾಯುವ ತಾಳ್ಮೆಯನ್ನು ತಂದುಕೊಳ್ಳಬೇಕು. ಒಮ್ಮೆ ತೆರೆದ ರಂಧ್ರವನ್ನು ಮುಚ್ಚಲಾಗದೆಂಬ ಎಚ್ಚರ ಮಾಡುವವನಲ್ಲಿ ಸದಾ ಇರುತ್ತದೆ. ಮಾಡಿಸುವವರಲ್ಲಿಯೂ ಅಷ್ಟೇ ಎಚ್ಚರವಿದ್ದರೆ ಮಲೆನಾಡಿನ ಬಿದಿರಾಗಲಿ ಹಳೆಯ ಮಂಚದ ಬೀಟೆಯಾಗಲಿ ವ್ಯರ್ಥವಾಗದೆ, ಒಂದು ಮನೆಯಲ್ಲಿ ಬಹುಕಾಲ ಹಾಡಿಕೊಂಡಿರುತ್ತದೆ.